ಕ್ರೈಸ್ತ ಬರಹಗಾರರ ಬಳಗ ಸೇರಿದರೆ ಬರವಣಿಗೆ ಬೆಳೆಯುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಚಿಂತಾಮಣಿಯವರು. ಐದಾರು ವರ್ಷಗಳಿಂದ ಭಕ್ತಿಲೇಖನ, ಸಣ್ಣಕಥೆ ಬರೆದು ನೋಟ್‌ಬುಕ್ಕಿನಲ್ಲೇ ಇಟ್ಟುಕೊಂಡಿದ್ದೀರಿ. ಚರ್ಚಿನ ಸಭೆಯಲ್ಲಿ ಓದಿದರೆ ಎಲ್ಲರೂ "ಆಮೆನ್" ಎನ್ನುತ್ತಾರೆ, ಹೊರಗಿನವರಿಗೆ ತೋರಿಸಿದರೆ "ಇದು ಪ್ರಸಂಗ", ಅಂದರೆ ಚರ್ಚಿನ ಉಪದೇಶ, ಎಂದು ಮಡಚಿ ಕೊಡುತ್ತಾರೆ. ಕ್ರೈಸ್ತ ಬರಹಗಾರರ ಬಳಗವೊಂದನ್ನು ಸೇರಿದರೆ ನಿಜವಾಗಿ ಪ್ರಯೋಜನವಿದೆಯೇ, ಅಲ್ಲಿಯೂ ಬರೀ ಹೊಗಳಿಕೆಯೇ ಎಂದು ಕೇಳಿದ್ದೀರಿ.

ಪ್ರಯೋಜನವಿದೆ. ನನಗೆ ಆಗಿದೆ. ಆದರೆ ಅದು ಹೊಗಳಿಕೆಯಿಂದ ಆದದ್ದಲ್ಲ. ನನ್ನ ಮುಂದಿನ ಪುಟಕ್ಕಾಗಿ ಯಾರೋ ಕಾಯುತ್ತಿದ್ದಾರೆ ಎಂದು ತಿಳಿದ ದಿನದಿಂದ ಆದದ್ದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹುಟ್ಟಿದ್ದು, ಬೆಳೆದದ್ದು ಕೆಜಿಎಫ್‌ನಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಭಾನುವಾರದ ಪೂಜೆ ತಮಿಳಿನಲ್ಲಿ, ಮದುವೆಯಾಗಿ ಬಂದ ಮೇಲೆ ಪೂಜೆಯೂ ಕನ್ನಡದಲ್ಲಿ. ಮಾತಾಡಲು ನನಗೆ ಎರಡು ಭಾಷೆ, ಬರೆಯಲು ಒಂದೇ.

ನಮ್ಮ ಬಳಗದಲ್ಲಿ ಏಳು ಜನ. ತಿಂಗಳ ಎರಡನೆಯ ಶನಿವಾರ ಸಂಜೆ ನಾಲ್ಕಕ್ಕೆ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಭಾನುವಾರ ಅಲ್ಲಿ ಮಕ್ಕಳಿಗೆ ಪಾಠ ನಡೆಯುವುದರಿಂದ ಬೆಂಚುಗಳೆಲ್ಲ ಗಿಡ್ಡ, ಮೊಣಕಾಲು ಎದೆಗೆ ತಾಗುತ್ತದೆ. ಮೂವರು ಕ್ಯಾಥೊಲಿಕರು, ಇಬ್ಬರು ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐನವರು, ಒಬ್ಬರು ಮೆಥೋಡಿಸ್ಟ್, ಒಬ್ಬರು ಪೆಂತೆಕೊಸ್ತ್. ಮೊದಮೊದಲು ಪದಗಳೇ ಒಂದಕ್ಕೊಂದು ಕೂಡುತ್ತಿರಲಿಲ್ಲ. ಕ್ಯಾಥೊಲಿಕರಾದ ನಾವು ಶುಭಸಂದೇಶ ಎಂದರೆ ಉಳಿದವರು ಸುವಾರ್ತೆ ಎನ್ನುತ್ತಾರೆ. ಯೇಸುವಿನ ಆಪ್ತ ಶಿಷ್ಯರು ನಮಗೆ ಪ್ರೇಷಿತರು, ಅವರಿಗೆ ಅಪೊಸ್ತಲರು. ನಾವು ಪ್ರಭು ಎಂದು ಬರೆದಲ್ಲಿ ಅವರು ಕರ್ತನು ಎಂದು ಬರೆಯುತ್ತಾರೆ. ಒಂದು ಇಡೀ ಸಂಜೆ ಇದರಲ್ಲೇ ಕಳೆದಿತ್ತು. ಆಗ ನಷ್ಟವೆನಿಸಿತು, ಈಗ ಹಾಗೆನಿಸುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತ ಕ್ರೈಸ್ತರಿಗೇ ನನ್ನ ಪದ ಅಪರಿಚಿತವಾದರೆ ಮಂಡಿಯಲ್ಲಿ ಬಾಕ್ಸ್ ಹೊರುವ ಹಮಾಲರಿಗೆ ಅದು ಹೇಗೆ ಮುಟ್ಟೀತು? ಸಾಕ್ಷಿ ಎಂದರೆ ಊರಿನ ಉಳಿದವರಿಗೆ ಕೋರ್ಟು. ಸಭೆ ಎಂದರೆ ಪಂಚಾಯಿತಿ. ರಕ್ಷಣೆ ಎಂದರೆ ನೀರಿಗೆ ಬಿದ್ದವರನ್ನು ಎತ್ತುವುದು. "ರಕ್ಷಣೆ ಹೊಂದಿದೆ" ಎಂದು ಬರೆದು ಮುಂದಿನ ಸಾಲಿಗೆ ಹಾರುವ ನನ್ನ ಅಭ್ಯಾಸ ಅಂದು ಸಂಜೆಯೇ ಸಡಿಲವಾಯಿತು.

ಈಗ ನಾನು ಓದಿದ ಮೊದಲ ಲೇಖನದ ವಿಷಯಕ್ಕೆ ಬರುತ್ತೇನೆ.

ನಮ್ಮಪ್ಪ ಚಿನ್ನದ ಗಣಿಯ ಕೆಲಸಗಾರರು. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗಿಂತಲೂ ಆಳ. ಅಷ್ಟು ಕೆಳಗೆ ಇಳಿದು ಹತ್ತಿ ಬರುವವರ ಮಗಳು ನಾನು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆ ದಿನ ಬೂದಿ ಬುಧವಾರ. ಕ್ಯಾಥೊಲಿಕರಿಗೆ ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ದಿನ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿಯನ್ನು ಗುರುಗಳು ಹಣೆಗೆ ಹಚ್ಚಿ, ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ ಎಂದು ನೆನಪಿಸುತ್ತಾರೆ. ಎರಡೂ ಒಂದೇ ದಿನ ಬಂದದ್ದನ್ನು ಇಟ್ಟುಕೊಂಡೇ ನಾನು ಆರು ಪುಟ ಬರೆದಿದ್ದೆ. ಮಣ್ಣಿನಡಿ ದುಡಿದವರ ಹಣೆಯಲ್ಲಿ ಬೂದಿ ಎಂದು ಆರಂಭ, ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೆರೆಯುತ್ತಾನೆ ಎಂದು ಕೊನೆ. ಓದುವಾಗ ನನ್ನ ಕಣ್ಣಲ್ಲೇ ನೀರು ಬಂತು.

ಯಾರೂ ಆಮೆನ್ ಎನ್ನಲಿಲ್ಲ. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ಕರಡು ತಿದ್ದಿ ಜೀವನ ನಡೆಸಿದವರು. ಎಲ್ಲರೂ ತಾತ ಎನ್ನುತ್ತೇವೆ. ಅವರು ಕೇಳಿದರು: "ಅಮ್ಮಾ, ಮರುದಿನ ನಿಮ್ಮ ತಂದೆ ಎಷ್ಟು ಗಂಟೆಗೆ ಎದ್ದರು?"

ನಾಲ್ಕಕ್ಕೆ ಎಂದೆ. ಎಂದಿನ ಹೊತ್ತಿಗೇ. ಎದ್ದು ಬೂಟು ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತರು. ಅಮ್ಮ ಏನೂ ಮಾತಾಡದೆ ಡಬ್ಬಿಗೆ ಚಿತ್ರಾನ್ನ ತುಂಬಿ ಪಕ್ಕದಲ್ಲಿಟ್ಟರು.

"ಆಮೇಲೆ?"

ನನಗೆ ಹೇಳಲಾಗಲಿಲ್ಲ. ತಾತ ನನ್ನ ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, "ಇದು ಸುಳ್ಳಲ್ಲ. ಆದರೆ ಇದನ್ನು ನೀವು ಬರೆದಿಲ್ಲ, ಎಲ್ಲೋ ಕೇಳಿದ್ದನ್ನು ಇಳಿಸಿದ್ದೀರಿ" ಎಂದರು.

ಬಹಳ ನೋವಾಯಿತು. ಮನೆಗೆ ಹೋಗಿ ಆರೂ ಪುಟಗಳನ್ನು ಹರಿದೆ. ಎರಡು ತಿಂಗಳು ಬಳಗದ ಕಡೆ ತಲೆ ಹಾಕಲಿಲ್ಲ. ನೀವು "ಟೀಕೆ ತಡೆಯಲಾರೆ" ಎಂದು ಬರೆದಿದ್ದೀರಲ್ಲ, ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಂಬಿಕೆಯ ಬಗ್ಗೆ ಬರೆದಾಗ ಏಟು ವಾಕ್ಯಕ್ಕೆ ಬಿದ್ದರೂ ಪ್ರಾರ್ಥನೆಗೇ ಬಿದ್ದಂತೆ ಅನಿಸುತ್ತದೆ.

ಆಮೇಲೊಂದು ಬೆಳಿಗ್ಗೆ, ಹರಾಜು ಮುಗಿದು ನಾನು ಚೀಟಿಗಳನ್ನು ಒಟ್ಟು ಹಾಕುತ್ತಿದ್ದಾಗ, ಬಳಗದ ಪೆಂತೆಕೊಸ್ತ್ ಅಕ್ಕ ಮಂಡಿಗೇ ಬಂದರು. ತೊಕ್ಕು ಮಾಡಲು ಒಂದು ಬಾಕ್ಸ್ ಹಣ್ಣು ಬೇಕು ಎಂದರು. ಒಂದು ಬಾಕ್ಸ್ ಎಂದರೆ 15 ಕಿಲೋ. ಅವರ ಮನೆಯಲ್ಲಿರುವುದು ನಾಲ್ಕು ಜನ. ದುಡ್ಡು ಎಣಿಸುತ್ತಾ ಹೇಳಿದರು: "ನಮ್ಮ ಅತ್ತೆಗೆ ನಿಮ್ಮ ಬರಹದ ವಿಷಯ ಹೇಳಿದ್ದೆ. ನಿಮ್ಮಪ್ಪ ಆ ಡಬ್ಬಿ ತೆರೆದರೋ ಇಲ್ಲವೋ ಎಂದು ದಿನವೂ ಕೇಳುತ್ತಾರೆ. ಏನು ಹೇಳಲಿ?"

ಪ್ರೋತ್ಸಾಹ ಎಂಬ ಪದಕ್ಕೆ ನನಗೆ ತಿಳಿದಿರುವ ಅರ್ಥ ಇದು. ಅವರು "ಚೆನ್ನಾಗಿ ಬರೆಯುತ್ತೀರಿ" ಎನ್ನಲಿಲ್ಲ, ಬಿಡಬೇಡಿ ಎಂದೂ ಹೇಳಲಿಲ್ಲ. ನಾನು ಮುಖವನ್ನೇ ನೋಡದ ಒಬ್ಬ ಹೆಂಗಸು ನಮ್ಮಪ್ಪನ ಡಬ್ಬಿಯ ಬಗ್ಗೆ ಯೋಚಿಸುತ್ತಿದ್ದಾರೆ ಎಂಬ ಸುದ್ದಿ ತಂದಿದ್ದರು.

ಮುಂದಿನ ಶನಿವಾರ ಹೋದೆ. ಹರಿದು ಹಾಕಿದೆ ಎಂದು ಒಪ್ಪಿಕೊಂಡೆ. ತಾತ ಸತ್ಯವೇದ, ಅಂದರೆ ಬೈಬಲ್ ತೆಗೆದು ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯ ಓದಿದರು. ಪ್ರವಾದಿ ಯೆರೆಮೀಯ ದೇವರ ಮಾತುಗಳನ್ನು ಹೇಳುತ್ತಾನೆ, ಅವನ ಲಿಪಿಕಾರ ಬಾರೂಕ ಸುರುಳಿಯಲ್ಲಿ ಬರೆದುಕೊಳ್ಳುತ್ತಾನೆ. ಅರಸ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಬೆಂಕಿಯ ಮುಂದೆ ಕುಳಿತು, ಓದಿದಷ್ಟು ಭಾಗವನ್ನು ಚೂರಿಯಿಂದ ಕತ್ತರಿಸಿ ಕತ್ತರಿಸಿ ಇಡೀ ಸುರುಳಿಯನ್ನು ಸುಡುತ್ತಾನೆ. ಬಾರೂಕ ಇನ್ನೊಂದು ಸುರುಳಿ ತೆಗೆದುಕೊಂಡು ಎಲ್ಲವನ್ನೂ ಮತ್ತೆ ಬರೆಯುತ್ತಾನೆ. ಅಧ್ಯಾಯದ ಕೊನೆಯಲ್ಲಿ, ಮೊದಲಿದ್ದ ಮಾತುಗಳ ಜೊತೆಗೆ ಅಂಥ ಇನ್ನೂ ಅನೇಕ ಮಾತುಗಳು ಸೇರಿದವು ಎಂದಿದೆ. ನಾನು ಆ ಅಧ್ಯಾಯವನ್ನು ಹಿಂದೆ ಓದಿದ್ದೆ. ಬರೆಯುವವರಿಗೆಂದೇ ಅಲ್ಲೊಂದು ವಚನವಿದೆ ಎಂದು ಕಂಡಿರಲಿಲ್ಲ. ಬೇರೆ ಸಾಹಿತ್ಯ ಬಳಗದಲ್ಲಿ ಒಳ್ಳೆಯ ಸಲಹೆ ಸಿಕ್ಕೀತು, ಖಂಡಿತ ಸಿಗುತ್ತದೆ. ಈ ಸಲಹೆ ಸಿಗುತ್ತಿರಲಿಲ್ಲ.

ಎರಡನೆಯ ಸಲ ಬರೆಯುವಾಗ ಭಾಷೆಯ ತೊಡಕು ಎದುರಾಯಿತು. ಹತ್ತು ಗಂಟೆಗೆ ಅಪ್ಪ ಹೊಸ್ತಿಲ ಮೇಲೆಯೇ ಡಬ್ಬಿ ತೆರೆದು ಉಂಡರು. ಇನ್ನೂ ಬೂಟು ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಪದ, ತಮಿಳಿನ "ಪಳಕ್ಕಂ". ಅದನ್ನು ಕನ್ನಡದಲ್ಲಿ ಅಭ್ಯಾಸ ಎಂದೆ, ರೂಢಿ ಎಂದೆ, ಅಪ್ಪನ ದನಿ ಬರಲಿಲ್ಲ. ತಾತ ತಮ್ಮ ಹಳೆಯ ಕಿಟೆಲ್ ನಿಘಂಟು ತಂದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಸ್ಥಳೀಯ ಪಂಡಿತರ ನೆರವಿನಿಂದ ಸಿದ್ಧಪಡಿಸಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ನಿಘಂಟು ಅದು. ಬೆರಳಿಟ್ಟು ಹುಡುಕಿ "ಪಳಗು" ತೋರಿಸಿದರು. ಪಳಕ್ಕಂ, ಪಳಗು ಎರಡೂ ಒಂದೇ ಬೇರಿನ ಮಾತು. ನಾವು ಪಳಗಿದ ಎತ್ತು, ಪಳಗಿದ ಕೈ ಎನ್ನುವುದಿಲ್ಲವೇ? ಕೊನೆಗೆ ನನ್ನ ಪುಟದಲ್ಲಿ ಅಪ್ಪ "ಪಳಗಿದ ಕಾಲು" ಎಂದರು. ಅಷ್ಟೇ. ಬಾಗಿಲು ಮುಚ್ಚುವ ಸಾಲನ್ನು ನಾನೇ ತೆಗೆದೆ. ಬೂದಿ ಉಳಿಯಿತು, ಆದರೆ ಒಂದೇ ಕಡೆ. ಮರುದಿನ ಮುಖ ತೊಳೆಯುವಾಗ ಅಪ್ಪ ಹಣೆಯನ್ನು ಬಿಟ್ಟು ತೊಳೆದದ್ದು.

ನಾಲ್ಕು ಸಲ ಓದಿ, ನಾಲ್ಕು ಸಲ ತಿದ್ದಿದ ಮೇಲೆ ಅದು ಒಂದು ಕ್ರೈಸ್ತ ಮಾಸಪತ್ರಿಕೆಯಲ್ಲಿ ಬಂತು. ಮಂಡಿಯ ಹಮಾಲರೊಬ್ಬರು, ಮುಳಬಾಗಿಲು ಕಡೆಯವರು, ಬಾಕ್ಸುಗಳಿಗೆ ಒರಗಿ ನಿಂತು ಪೂರ್ತಿ ಓದಿದರು. "ನಮ್ಮ ತಂದೆಯೂ ಹಾಗೆಯೇ ಮೇಡಂ. ಬಾವಿ ಬತ್ತಿದ ಮೇಲೂ ಬೆಳಿಗ್ಗೆ ಎದ್ದು ಗುದ್ದಲಿ ಹಿಡಿದು ನೀರು ಕಟ್ಟಲು ಹೋಗುತ್ತಿದ್ದರು" ಎಂದರು. ಅವರು ಕ್ರೈಸ್ತರಲ್ಲ. ಆ ಬರಹದಲ್ಲಿ ದೇವರ ಹೆಸರು ಎರಡೇ ಸಲ ಬರುತ್ತದೆ. ನಾನು ಆರು ಪುಟಗಳಲ್ಲಿ ಸಾರಲು ಹೊರಟಿದ್ದಕ್ಕಿಂತ ಹೆಚ್ಚಿನದು ಅವರಿಗೆ ಮುಟ್ಟಿತು ಎಂದು ನಾನು ನಂಬುತ್ತೇನೆ. "ಇದು ಪ್ರಸಂಗ" ಎಂಬ ಮಾತಿಗೆ ಅಂಜಿ ನಂಬಿಕೆಯನ್ನು ಬಚ್ಚಿಡಬೇಕಾಗಿಲ್ಲ. ಹೊಸ್ತಿಲು, ಬೂಟು, ಡಬ್ಬಿ ಸರಿಯಾಗಿ ಕಂಡರೆ ಹಣೆಯ ಬೂದಿಯೂ ಕಾಣುತ್ತದೆ.

ಎಲ್ಲ ಬಳಗವೂ ಹೀಗಿರುತ್ತದೆ ಎಂದು ಹೇಳಲಾರೆ. ಇದಕ್ಕೂ ಮೊದಲು ನಾನು ಹೋಗುತ್ತಿದ್ದ ಒಂದು ಗುಂಪಿನಲ್ಲಿ ಏನು ಓದಿದರೂ ಚಪ್ಪಾಳೆ, ಸ್ತೋತ್ರ. ವರ್ಷ ಕಳೆದರೂ ನನ್ನ ಒಂದು ವಾಕ್ಯವೂ ಬದಲಾಗಿರಲಿಲ್ಲ. ಈಗಿನ ಬಳಗದಲ್ಲಿ ಓದುವವರಿಗಾಗಿ ಮೊದಲು ಒಂದು ನಿಮಿಷ ಪ್ರಾರ್ಥಿಸುತ್ತೇವೆ. ಓದಿ ಮುಗಿದ ಮೇಲೆ ಪ್ರತಿಯೊಬ್ಬರೂ ಮನಸ್ಸಿನಲ್ಲಿ ಉಳಿದ ಒಂದು ಸಾಲನ್ನು ಹೇಳುತ್ತಾರೆ. ಆಮೇಲೆ ಪ್ರಶ್ನೆಗಳು ಮಾತ್ರ, ತೀರ್ಪು ಇಲ್ಲ. ಬರೆದವರು ಸಮರ್ಥಿಸಿಕೊಳ್ಳುವಂತಿಲ್ಲ. ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದು ಸರಿಯೇ, ಮರಿಯಮ್ಮನವರಿಗೆ ಪ್ರಾರ್ಥಿಸಬಹುದೇ ಎಂಬ ವಾದಗಳು ಆ ಕೋಣೆಯ ಹೊರಗೆ. ಈ ಒಂದು ಕಟ್ಟುಪಾಡು ಇಲ್ಲದಿದ್ದರೆ ಏಳು ಜನ ಮೂರು ತಿಂಗಳೂ ಒಟ್ಟಿಗೆ ಕೂರುತ್ತಿರಲಿಲ್ಲ.

ಚಿಂತಾಮಣಿಯಲ್ಲಿ ಬಳಗವಿಲ್ಲ ಎಂದಿದ್ದೀರಿ. ಇಬ್ಬರು ಸಾಕು. ನಿಮ್ಮ ಸಭೆಯಲ್ಲಿ ವರದಿ ಬರೆಯುವವರು, ಕ್ರಿಸ್‌ಮಸ್ ನಾಟಕಕ್ಕೆ ಮಾತು ಬರೆದುಕೊಡುವವರು ಇದ್ದೇ ಇರುತ್ತಾರೆ. ಮೊದಲು ಅವರನ್ನು ಕೇಳಿ. ಒಬ್ಬರಾದರೂ ಬೇರೆ ಸಭೆಯವರಿರಲಿ, ಪದಗಳನ್ನು ಪ್ರಶ್ನಿಸುವವರು ಅವರೇ. ಹಿರಿಯರೊಬ್ಬರು ಸಿಕ್ಕರೆ ಬಿಡಬೇಡಿ. ಅಷ್ಟರವರೆಗೆ ಕೋಲಾರಕ್ಕೆ ಬನ್ನಿ, ನಿಮ್ಮೂರಿನಿಂದ ಬಸ್ಸು ಸಿಗುತ್ತದೆ. ಮೊದಲ ದಿನವೇ ಓದಬೇಕೆಂದಿಲ್ಲ.

ಈ ಶನಿವಾರ ನನ್ನ ಸರದಿ. ಮೂರು ಪುಟ ಬರೆದಿದ್ದೇನೆ, ಈ ಸಲ ಅಮ್ಮನ ಬಗ್ಗೆ. ಆ ದಿನ ಖಾಲಿ ಡಬ್ಬಿಯನ್ನು ತೊಳೆದು, ಒರೆಸಿ, ನಾಳೆಗೆಂದು ಮತ್ತೆ ಅದೇ ಗೂಡಿನಲ್ಲಿ ಇಟ್ಟರಲ್ಲ, ಅಲ್ಲಿಂದ ಶುರು. ಅಕ್ಕನ ಅತ್ತೆ ತಾವೇ ಬಂದು ಕೇಳುತ್ತಾರಂತೆ.