ತಿಥಿ ಅಡುಗೆಗೆ ಟೊಮೆಟೊ ಯಾಕಿಲ್ಲ?

ಪ್ರಶ್ನೆ: ನಮ್ಮಲ್ಲಿ ತಿಥಿ ಅಡುಗೆಗೆ ಟೊಮೆಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ ಹಾಕುವುದಿಲ್ಲ. ಕಾರಣ ಕೇಳಿದರೆ ‘ಶಾಸ್ತ್ರ’ ಅಂತಾರೆ. ನಿಜವಾ?
– ಓದುಗರು, ಶಿವಮೊಗ್ಗ

ಉತ್ತರ: ಶಾಸ್ತ್ರಕ್ಕಿಂತ ಇದು ಹಡಗಿನ ಕಥೆ. ಈ ಮೂರೂ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವಾ ಹಿಡಿದರು. ಮೆಣಸಿನಕಾಯಿ ನಮಗೆ ಸಿಕ್ಕಿದ್ದು ಆಮೇಲೆ. ಅದಕ್ಕೂ ಮುಂಚೆ ಖಾರ ಎಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರೇ ಅಂಟಿಕೊಂಡಿತು. ಆಲೂಗಡ್ಡೆಗೆ ಕರಾವಳಿಯವರು ಹೇಳುವ ‘ಬಟಾಟೆ’ಯಂತೂ ನೇರ ಪೋರ್ಚುಗೀಸ್ ಪದ. ದಿನದ ಅಡುಗೆ ಬದಲಾಯಿತು. ಹಿರಿಯರಿಗೆ ಬಡಿಸುವ ಎಲೆ ಮಾತ್ರ ಹಳೆಯದಾಗಿಯೇ ಉಳಿಯಿತು. ಎಲೆಕೋಸು, ಹೂಕೋಸು ಯುರೋಪಿನಿಂದ ಬಂದವು, ಅವೂ ಹೊರಗೇ.

ಆದರೆ ಬೇಲಿಯಲ್ಲಿ ತೂತುಗಳಿವೆ. ಅನೇಕ ಮನೆಗಳಲ್ಲಿ ನಡೆಯುವ ಸಿಹಿಗುಂಬಳ, ಸಿಹಿಗೆಣಸು ಎರಡೂ ಅಮೆರಿಕದವೇ. ಉಪವಾಸದ ಸಬ್ಬಕ್ಕಿ ಆಗುವುದು ಮರಗೆಣಸಿನ ಹಿಟ್ಟಿನಿಂದ. ಅದರ ತವರು ದಕ್ಷಿಣ ಅಮೆರಿಕ! ನಮ್ಮ ಹಳೆಯ ಕುಂಬಳ, ಗೆಡ್ಡೆಗಳಂತೆ ಕಂಡಿದ್ದಕ್ಕೆ ಇವು ಪಾಸಾಗಿರಬೇಕು.

ಇನ್ನು ಮೆಣಸಿನಕಾಯಿ ಇಲ್ಲದ ತಿಥಿ ಅಡುಗೆಗೆ ಕಾಳುಮೆಣಸಿನ ಸಾರು. ಅದು ಕೆಡುವುದು ಕುದಿಸುವುದರಲ್ಲಿ. ನಾಲ್ವರಿಗೆ ಅರ್ಧ ಲೋಟ ಹೆಸರುಬೇಳೆ ಬೇಯಿಸಿ. ಒಂದೊಂದು ಟೀ ಚಮಚ ಕಾಳುಮೆಣಸು, ಜೀರಿಗೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದು ತರಿತರಿಯಾಗಿ ಕುಟ್ಟಿ. ಬೇಳೆ ಕುದಿದ ಮೇಲೆ ಪುಡಿ ಹಾಕಿ, ಒಂದೆರಡು ಕುದಿ ಬಂದರೆ ಇಳಿಸಿ. ಮೊದಲೇ ಹಾಕಿ ಕುದಿಸುತ್ತಾ ಕೂತರೆ ಘಮ ಹಾರಿಹೋಗಿ ಗಂಟಲು ಕೆರೆಯುವ ಖಾರವಷ್ಟೇ ಉಳಿಯುತ್ತದೆ. ಮೆಣಸು ಸೀದರೆ ಕಹಿ. ನಿಂಬೆರಸ ಇಳಿಸಿದ ಮೇಲೆಯೇ.