ಹಗ್ಗ ಇರೋದು ಎಳೆಯೋಕಲ್ಲ

ಈ ಸಲದ ಓದುಗರ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದಿವೆ. ಎಲ್ಲವೂ ಕಣ್ಣು ಕಾಣದ ಓಟಗಾರರ ಜೊತೆ ಗೈಡ್ ಆಗಿ ಓಡುವ ಬಗ್ಗೆಯೇ, ಅಂದರೆ ಚಿಕ್ಕ ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನಿಮ್ಮ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಓಡುತ್ತಾ ದಾರಿ ಹೇಳುವ ಬಗ್ಗೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಬೀದಿಯ ಹುಡುಗನಿಗೆ ಎರಡೂ ಕಣ್ಣು ಕಾಣುವುದಿಲ್ಲ. ಹಾಫ್ ಮ್ಯಾರಥಾನನ್ನು (21 ಕಿ.ಮೀ.) 2 ಗಂಟೆ 20 ನಿಮಿಷದಲ್ಲಿ ಓಡಿದ್ದಾನೆ. ಮುಂದಿನ ವರ್ಷ ಬೆಂಗಳೂರಿನಲ್ಲಿ ಫುಲ್ ಮ್ಯಾರಥಾನ್ (42 ಕಿ.ಮೀ.) ಓಡಬೇಕು ಅಂತಾನೆ. ನನ್ನ ಹಾಫ್ ಸಮಯ 2 ಗಂಟೆ 5 ನಿಮಿಷ. ನಾನು ಗೈಡ್ ಆಗಬಹುದೇ? (ಸಾಲಗಾಮೆ ರಸ್ತೆ, ಹಾಸನ)

ಉತ್ತರ: ಆಗಬಹುದು, ಆದರೆ ನಿಮ್ಮ ಜೊತೆ ಇನ್ನೊಬ್ಬ ಗೈಡ್ ಇರಲಿ. ನಿಮ್ಮ ವೇಗ ಕಿಲೋಮೀಟರಿಗೆ ಸುಮಾರು 5 ನಿಮಿಷ 55 ಸೆಕೆಂಡ್, ಅವನದು 6 ನಿಮಿಷ 40 ಸೆಕೆಂಡ್. ಗೈಡ್ ಮತ್ತು ಓಟಗಾರನ ನಡುವೆ ಕನಿಷ್ಠ ಇಷ್ಟಾದರೂ ಅಂತರ ಬೇಕು, ಯಾಕೆಂದರೆ ನೀವು ಐದು ಗಂಟೆ ಬರೀ ಓಡುವುದಿಲ್ಲ, ಅಷ್ಟೂ ಹೊತ್ತು ಮಾತಾಡುತ್ತಲೂ ಇರಬೇಕು. ಗೈಡ್‌ಗೆ ಸುಸ್ತಾದಾಗ ಮೊದಲು ಕೈಕೊಡುವುದು ಬಾಯಿ. 35ನೇ ಕಿಲೋಮೀಟರಿನಲ್ಲಿ ನೀವು ಮೌನವಾದರೆ ಅವನ ಮುಂದಿನ ರಸ್ತೆಯೇ ಅಳಿಸಿಹೋದ ಹಾಗೆ. ಅವನ ವೇಗದಲ್ಲಿ 25 ಕಿ.ಮೀ. ಓಡಿ, ಕೊನೆಯಲ್ಲಿ ಒಂದು ಉದ್ದ ವಾಕ್ಯವನ್ನು ತಡವರಿಸದೆ ಹೇಳಿ ನೋಡಿ. ಆಗಲಿಲ್ಲ ಅಂದರೆ ಅರ್ಧ ದಾರಿಯಲ್ಲಿ ಎರಡನೆಯ ಗೈಡ್ ಹಗ್ಗ ಹಿಡಿಯುವಂತೆ ಆಯೋಜಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಅಭ್ಯಾಸದ ಮೊದಲ ದಿನ ಓಡಲೇಬೇಡಿ. ನೀವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇನ್ನೊಬ್ಬರ ಕೈಯಲ್ಲಿ ಹಗ್ಗ ಕೊಟ್ಟು, ಮಹಾರಾಜ ಪಾರ್ಕ್ ಸುತ್ತ 20 ನಿಮಿಷ ನಡೆಯಿರಿ. ಯಾವ ಮಾತು ತಡವಾಗಿ ಬರುತ್ತದೆ, ಯಾವುದು ಉಪಯೋಗಕ್ಕೇ ಬರುವುದಿಲ್ಲ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಆಮೇಲೆ ಎರಡು ವಾರ ಕ್ರೀಡಾಂಗಣದ ಟ್ರ್ಯಾಕ್, ನಂತರ ಬೆಳಗ್ಗೆ ಐದೂವರೆಯ ಖಾಲಿ ರಸ್ತೆ, ಕೊನೆಗೆ ವಾಹನ ಓಡಾಡುವ ರಸ್ತೆ. ಸ್ಪರ್ಧೆಗೆ ಮುಂಚೆ ಕನಿಷ್ಠ ಎರಡು ಸಲ 30 ಕಿ.ಮೀ. ಒಟ್ಟಿಗೆ ಓಡಿರಬೇಕು. ಎಂಟು ವಾರವೂ ಜೊತೆಗೆ ಓಡದೆ ಫುಲ್‌ಗೆ ಇಳಿಯುವುದು ಆ ಹುಡುಗನಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಹಗ್ಗ ಎಷ್ಟು ಉದ್ದ ಇರಬೇಕು? ಅಂಗಡಿಯಲ್ಲಿ ಸಿಗುತ್ತಾ? (ಬೇಲೂರು)

ಉತ್ತರ: ಓಟಗಾರರು ಇದಕ್ಕೆ ಟೆದರ್ ಅನ್ನುತ್ತಾರೆ. ಹುಡುಕಿಕೊಂಡು ಹೋಗಬೇಕಿಲ್ಲ, ಪೈಜಾಮಕ್ಕೆ ಹಾಕುವ ದಪ್ಪ ಹತ್ತಿ ಲಾಡಿ ಸಾಕು. 80 ಸೆಂ.ಮೀ. ಕತ್ತರಿಸಿ ಎರಡು ತುದಿಗೂ ನಾಲ್ಕು ಬೆರಳು ಹಿಡಿಸುವಷ್ಟು ಕುಣಿಕೆ ಹಾಕಿ. ಕುಣಿಕೆ, ಗಂಟು ಸೇರಿ ಒಂದೊಂದು ತುದಿಗೆ ಸುಮಾರು 25 ಸೆಂ.ಮೀ. ಹೋಗಿ, ನಡುವೆ 30 ಸೆಂ.ಮೀ. ಉಳಿಯುತ್ತದೆ. ಅದಕ್ಕಿಂತ ಉದ್ದ ಬೇಡ. ಎಲಾಸ್ಟಿಕ್ ಅಂತೂ ಬೇಡವೇ ಬೇಡ, ಸ್ಪರ್ಧೆಯ ನಿಯಮವೂ ಹಿಗ್ಗದ ಹಗ್ಗವನ್ನೇ ಕೇಳುತ್ತದೆ. ನೀವು ಎಡಕ್ಕೆ ತಿರುಗಿದಾಗ ಎಲಾಸ್ಟಿಕ್ ಮೊದಲು ಹಿಗ್ಗುತ್ತದೆ, ಆಮೇಲೆ ಅವರ ಕೈಗೆ ಸುದ್ದಿ ಮುಟ್ಟುತ್ತದೆ. ಅಷ್ಟರಲ್ಲಿ ಅವರು ಎರಡು ಹೆಜ್ಜೆ ನೇರ ಹೋಗಿಬಿಟ್ಟಿರುತ್ತಾರೆ. ನೈಲಾನ್ ಹಗ್ಗ ಬೆವರಿಗೆ ಜಾರುತ್ತದೆ, ಬೆರಳ ಸಂದಿ ಕೊಯ್ಯುತ್ತದೆ.

ಕುಣಿಕೆ ಬೆರಳುಗಳಲ್ಲಿರಲಿ, ಮಣಿಕಟ್ಟಿಗೆ ಬಿಗಿಯಬೇಡಿ. ಒಬ್ಬರು ಎಡವಿದರೆ ಇನ್ನೊಬ್ಬರಾದರೂ ನಿಲ್ಲಬೇಕಲ್ಲ.

ನೀವು ಎಡಗಡೆ ಇದ್ದರೆ ನಿಮ್ಮ ಬಲಗೈ, ಅವರ ಎಡಗೈ. ಎರಡೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ಕೈ ಹೊಂದಿದರೆ ಕಾಲು ತಾನಾಗಿ ಹೊಂದುತ್ತದೆ: ಒಳಗಿನ ಎರಡು ಕಾಲು ಒಂದು ಜೋಡಿ, ಹೊರಗಿನ ಎರಡು ಇನ್ನೊಂದು ಜೋಡಿ, ಶಾಲೆಯ ಮೂರು ಕಾಲಿನ ಓಟದ ಹಾಗೆ. ಚಿಕ್ಕಮಗಳೂರು ಜಿಲ್ಲೆಯ ಕಣ್ಣು ಕಾಣದ ಓಟಗಾರ್ತಿ ರಕ್ಷಿತಾ ರಾಜು 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನ 1500 ಮೀಟರಿನಲ್ಲಿ ಚಿನ್ನ ಗೆದ್ದವರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದವರು. ಅವರ ಓಟದ ವಿಡಿಯೊ ಸಿಕ್ಕರೆ ಮುಖ ನೋಡಬೇಡಿ, ಹಗ್ಗ ಹಿಡಿದ ಆ ಎರಡು ಕೈಗಳನ್ನೇ ನೋಡಿ.

ಹೊಸ ಗೈಡ್‌ಗಳು ಮಾಡುವ ದೊಡ್ಡ ತಪ್ಪು ಅರ್ಧ ಹೆಜ್ಜೆ ಮುಂದೆ ಓಡುವುದು. ಆಗ ಗೊತ್ತಿಲ್ಲದೆಯೇ ಎಳೆಯುತ್ತಿರುತ್ತಾರೆ. ಓಟಗಾರನ ಒಂದು ಭುಜ ಮುಂದಕ್ಕೆ ತಿರುಚಿಕೊಂಡು, 20 ಕಿ.ಮೀ. ಆಗುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಭುಜಕ್ಕೆ ಭುಜ ಸಮ ಇರಲಿ. ಹಗ್ಗ ಸ್ವಲ್ಪ ಜೋತಾಡುತ್ತಿದ್ದರೆ ಸರಿಯಾಗಿದೆ ಅಂತ ಅರ್ಥ. ವೇಗ ಎಷ್ಟಿರಬೇಕು ಅನ್ನುವುದು ಓಟಗಾರನ ತೀರ್ಮಾನ. ಸಮಯ ನೋಡಿ ಹೇಳುವುದಷ್ಟೇ ನಿಮ್ಮ ಕೆಲಸ.

ಪ್ರಶ್ನೆ: ಓಡುವಾಗ ಏನೇನು ಹೇಳಬೇಕು? ನಾನು "ಹುಷಾರು, ಹುಷಾರು" ಅಂದರೆ ನನ್ನ ಗೆಳತಿ ನಿಂತೇ ಬಿಡುತ್ತಾಳೆ. (ಚನ್ನರಾಯಪಟ್ಟಣ)

ಉತ್ತರ: ನಿಲ್ಲದೆ ಇನ್ನೇನು ಮಾಡಬೇಕು ಅವರು? "ಹುಷಾರು" ಅಂದರೆ ಅಪಾಯ ಇದೆ ಅಂತ ಗೊತ್ತಾಯಿತು, ಎಲ್ಲಿ, ಎಂಥದ್ದು, ಕಾಲು ಏನು ಮಾಡಬೇಕು ಅನ್ನುವುದು ಗೊತ್ತಾಗಲಿಲ್ಲ. "ಅಲ್ಲಿ", "ಇಲ್ಲಿ", "ಈ ಕಡೆ" ಕೂಡ ಹಾಗೆಯೇ, ಬೆರಳು ತೋರಿಸಿ ಹೇಳುವ ಮಾತುಗಳು.

ಮೊದಲು ವಸ್ತು, ಆಮೇಲೆ ದೂರ, ಆಮೇಲೆ ಎಣಿಕೆ, ಕೊನೆಗೆ "ಆಯ್ತು". ಹಂಪ್ ಬಂತು ಅನ್ನಿ. ಕಿಲೋಮೀಟರಿಗೆ ಆರೂವರೆ ನಿಮಿಷದ ಓಟದಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ದಾಟುತ್ತೀರಿ. ಆದ್ದರಿಂದ ನಾಲ್ಕು ಸೆಕೆಂಡ್ ಮುಂಚೆ "ಹಂಪ್, ಹತ್ತು ಮೀಟರ್" ಅನ್ನಬೇಕು. ಐದಾರು ಮೀಟರ್ ಇರುವಾಗ ಅವರ ಎಡಗಾಲು ನೆಲಕ್ಕೆ ಬಿದ್ದಂತೆಲ್ಲ "ಮೂರು, ಎರಡು, ಒಂದು", ಅಂಚಿಗೆ ಬಂದಾಗ "ಎತ್ತು". ದಾಟಿದ ತಕ್ಷಣ "ಆಯ್ತು". ಈ "ಆಯ್ತು"ವನ್ನು ಬಹಳ ಜನ ಮರೆಯುತ್ತಾರೆ. ಅದು ಬರದಿದ್ದರೆ ಓಟಗಾರ್ತಿ ಮುಂದಿನ ಐವತ್ತು ಮೀಟರನ್ನೂ ಕಾಲು ಎತ್ತೆತ್ತಿ ಹಾಕುತ್ತಾರೆ, ತೊಡೆ ಬೇಗ ಸೋಲುತ್ತದೆ. ಶಾಲೆಯ ಮುಂದೆ ಸಾಲಾಗಿ ಹಾಕಿರುವ ಸಣ್ಣ ಉಬ್ಬುಗಳಿಗೆ ಒಂದೊಂದಾಗಿ ಎಣಿಸಬೇಡಿ, "ಸಣ್ಣ ಹಂಪ್, ಐದು ಸಾಲು" ಅಂತ ಒಮ್ಮೆಗೇ ಹೇಳಿ.

ತಿರುವಿನಲ್ಲೂ ಎಷ್ಟು ತಿರುವು ಅನ್ನುವುದು ಮಾತಿನಲ್ಲೇ ಬರಲಿ. ರಸ್ತೆ ನಿಧಾನ ಬಾಗಿದರೆ "ಸಣ್ಣಗೆ ಎಡ", ಸರ್ಕಲ್‌ನಲ್ಲಿ ಪೂರ್ತಿ ತಿರುಗಿದರೆ "ಪೂರ್ತಿ ಎಡ", ಯೂ ಟರ್ನ್ ಆದರೆ ಐವತ್ತು ಮೀಟರ್ ಮುಂಚೆಯೇ ಹೇಳಿ ವೇಗ ಇಳಿಸಿ. "ನಿಲ್ಲು" ಅನ್ನುವ ಪದವನ್ನು ನಿಜವಾಗಿ ನಿಲ್ಲಬೇಕಾದಾಗ ಮಾತ್ರ ಬಳಸಿ. "ಇಲ್ಲಿ ನಿಲ್ಲೋದು ಬೇಡ" ಅಂತ ಹರಟೆಯಲ್ಲಿ ಹೇಳಿದರೂ ಅವರ ಕಿವಿಗೆ ಮೊದಲು ಬೀಳುವುದು "ನಿಲ್ಲು".

ತಲೆ ಮಟ್ಟವನ್ನೂ ನೋಡುತ್ತಿರಿ. ನಿಮ್ಮ ಗೆಳತಿ ನಿಮಗಿಂತ ಎತ್ತರ ಇದ್ದರೆ ನೀವು ಆರಾಮಾಗಿ ದಾಟಿದ ಕೊಂಬೆ ಅವರ ಹಣೆಗೆ ಬಡಿಯುತ್ತದೆ. ಬ್ಯಾನರ್ ಕಟ್ಟಿದ ಹುರಿ, ನಿಂತ ಲಾರಿಯ ಕನ್ನಡಿಯೂ ಅಷ್ಟೇ.

ಪ್ರಶ್ನೆ: ನಮ್ಮಲ್ಲಿ ಸಮತಟ್ಟು ರಸ್ತೆಯೇ ಇಲ್ಲ, ಮಳೆಯೂ ಜಾಸ್ತಿ. ಅಭ್ಯಾಸ ಎಲ್ಲಿ, ಹೇಗೆ? (ಮೂಡಿಗೆರೆ)

ಉತ್ತರ: ಏರಿಗಿಂತ ಇಳಿಜಾರಿಗೆ ಹೆದರಿ. ಏರಿನಲ್ಲಿ ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ, ನೆಲವೂ ಬೇಗ ಸಿಗುತ್ತದೆ. ಇಳಿಜಾರಿನಲ್ಲಿ ಪಾದ ಎಣಿಸಿದ್ದಕ್ಕಿಂತ ತಡವಾಗಿ ನೆಲ ಮುಟ್ಟುತ್ತದೆ. ಎಲ್ಲಿಗೆ ಮುಗಿಯುತ್ತದೆ ಅಂತ ಕಾಣದವರು ಹಿಂದಕ್ಕೆ ವಾಲಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕುತ್ತಾರೆ, ಮೊಣಕಾಲು ಹೋಗುವುದು ಅಲ್ಲೇ. "ಇಳಿಜಾರು, ಇನ್ನೂರು ಮೀಟರ್, ರಸ್ತೆ ಸಾಫ್" ಅಂತ ಉದ್ದ ಹೇಳಿ, ಅರ್ಧಕ್ಕೆ ಬಂದಾಗ "ಇನ್ನು ನೂರು" ಅನ್ನಿ.

ರಸ್ತೆಯ ಮಧ್ಯ ಉಬ್ಬಿ ಅಂಚು ತಗ್ಗಿರುವ ಕಡೆ ಓಟಗಾರ ಒಳಗೆ, ಗೈಡ್ ಹೊರಗೆ. ಟಾರಿನ ಅಂಚಿನಿಂದ ಮಣ್ಣಿಗೆ ಅರ್ಧ ಅಡಿ ಇಳಿತ ಇದ್ದರೆ ಪಾದ ತಿರುಚುವುದು ಖಂಡಿತ. ಎಸ್ಟೇಟ್ ಗೇಟಿನ ಮುಂದೆ ದನ ದಾಟದಂತೆ ಕೊಳವೆ ಹಾಸಿರುತ್ತಾರಲ್ಲ, ಅದರ ಮೇಲೆ ಓಡಲೇಬಾರದು. ನಿಂತು, ಅವರು ನಿಮ್ಮ ಮೊಣಕೈ ಹಿಡಿದು, ನಡೆದು ದಾಟಿ. ಮಳೆಗಾಲದಲ್ಲಿ ನೆರಳಿನ ಟಾರಿನ ಮೇಲೂ ಪಾಚಿ ಕಟ್ಟುತ್ತದೆ. ಆಷಾಢ ಶ್ರಾವಣದಲ್ಲಿ ಉದ್ದದ ಓಟಕ್ಕೆ ಕಡೂರು ಕಡೆಯ ಬಯಲು ರಸ್ತೆಗೆ ಇಳಿದುಬಿಡುವುದೇ ಮೇಲು. ಮಂಜು ಮುಸುಕಿದ ಬೆಳಗ್ಗೆ ಇಬ್ಬರೂ ಹೊಳೆಯುವ ಜಾಕೆಟ್ ಹಾಕಿ, ವಾಹನಕ್ಕೆ ಎದುರಾಗಿ ಬಲಬದಿಯಲ್ಲಿ ಓಡಿ.

ಪ್ರಶ್ನೆ: ನನಗೆ ಪೂರ್ತಿ ಕಾಣದೆ ಇಲ್ಲ, ಮಸುಕು. ನನಗೂ ಹಗ್ಗ ಬೇಕೇ? (ಚಿಕ್ಕಮಗಳೂರು)

ಉತ್ತರ: ನಿಮಗೆ ಯಾವಾಗ ಕಾಣುತ್ತದೆ, ಯಾವಾಗ ಕಾಣುವುದಿಲ್ಲ ಅನ್ನುವುದರ ಮೇಲೆ ಹೋಗುತ್ತದೆ. ಮ್ಯಾರಥಾನ್‌ಗಳು ಕತ್ತಲಿರುವಾಗಲೇ ಶುರುವಾಗುತ್ತವೆ. ಇರುಳುಗುರುಡು ಇರುವವರಿಗೆ ಮೊದಲ ಗಂಟೆ ಹಗ್ಗ ಬೇಕು, ಬೆಳಕು ಹರಿದ ಮೇಲೆ ಗೈಡ್ ಬರೀ ಪಕ್ಕದಲ್ಲಿ ಓಡಿದರೂ ಸಾಕು. ಕೆಲವರಿಗೆ ಇದು ತಿರುವುಮುರುವು, ಏಳು ಗಂಟೆಯ ಎದುರು ಬಿಸಿಲೇ ಕಷ್ಟ. ಸಿಲ್ವರ್ ಓಕ್ ಸಾಲಿನ ಕೆಳಗೆ ಬಿಸಿಲು ನೆರಳು ಪಟ್ಟೆ ಪಟ್ಟೆಯಾಗಿ ಬಿದ್ದಾಗ ನೆರಳು ಯಾವುದು, ಗುಂಡಿ ಯಾವುದು ತಿಳಿಯದೆ ಹೆಜ್ಜೆ ತಡವರಿಸುತ್ತದೆ. ಯಾವ ಬದಿ ಕಡಿಮೆ ಕಾಣುತ್ತದೋ ಆ ಬದಿಗೆ ಗೈಡ್ ನಿಲ್ಲಿಸಿ ನೋಡಿ. ಅಂಚಿನ ನೋಟ ಹೋಗಿ ನಡುವೆ ಮಾತ್ರ ಕಾಣುವವರಾದರೆ ಗೈಡ್ ಗಾಢ ಬಣ್ಣದ ಟೀ ಶರ್ಟ್ ಹಾಕಿ ಎರಡು ಹೆಜ್ಜೆ ಮುಂದೆ ಓಡುವುದೂ ಒಂದು ದಾರಿ. ಪ್ಯಾರಾ ಸ್ಪರ್ಧೆಗಳಲ್ಲಿ ಟಿ11 ವರ್ಗಕ್ಕೆ (ಬಹುತೇಕ ಏನೂ ಕಾಣದವರು) ಗೈಡ್ ಇರಲೇಬೇಕು, ಟಿ12ಕ್ಕೆ (ತೀರಾ ಮಸುಕಾಗಿ ಕಾಣುವವರು) ಓಟಗಾರರ ಇಷ್ಟ, ಟಿ13ಕ್ಕೆ (ಅದಕ್ಕಿಂತ ಹೆಚ್ಚು ಕಾಣುವವರು) ಇಲ್ಲ. ಊರಿನ ಓಟಗಳಲ್ಲಿ ಈ ವರ್ಗ ಯಾರೂ ಕೇಳುವುದಿಲ್ಲ. ಹಗ್ಗ ಹಿಡಿಯಲು ಸಂಕೋಚ ಬೇಡ, ಬಿಡಲೂ ಸಂಕೋಚ ಬೇಡ.

ಪ್ರಶ್ನೆ: ನೀರಿನ ಟೇಬಲ್ ಹತ್ತಿರ ನೂಕುನುಗ್ಗಲು. ಏನು ಮಾಡೋದು? (ಹಾಸನ)

ಉತ್ತರ: ಮೊದಲ ಟೇಬಲ್ ಬಿಡಿ, ಎಲ್ಲರೂ ಅಲ್ಲೇ ಮುಗಿಬೀಳುತ್ತಾರೆ. ಕೊನೆಯದಕ್ಕೆ ಹೋಗಿ. ಟೇಬಲ್ ಕಡೆಗೆ ಗೈಡ್ ಇರಲಿ. ನೆಲದಲ್ಲಿ ಬಾಟಲಿ ಮುಚ್ಚಳ, ಒದ್ದೆ ಲೋಟ ಬಿದ್ದಿರುತ್ತವೆ, "ಸಣ್ಣ ಹೆಜ್ಜೆ" ಅಂದು ನಡಿಗೆಗೆ ಇಳಿಸಿ. ಲೋಟವನ್ನು ಗಾಳಿಯಲ್ಲಿ ಹಿಡಿದು "ತಗೊಳ್ಳಿ" ಅನ್ನಬೇಡಿ, ಅವರ ಬೆರಳ ಹಿಂಬದಿಗೆ ತಾಗಿಸಿ. ಶಕ್ತಿಗೆ ತಿನ್ನುವ ಜೆಲ್ ಪೊಟ್ಟಣ ಹರಿದೇ ಕೊಡಿ. ನಿಮ್ಮ ನೀರನ್ನೂ ಕುಡಿಯಿರಿ. ಗೈಡ್‌ಗಳು ತಮ್ಮದನ್ನೇ ಮರೆತು 30 ಕಿ.ಮೀ. ಆದಮೇಲೆ ಕುಸಿಯುವುದುಂಟು. ಓಟಗಾರ್ತಿಗೆ ಪುರುಷ ಗೈಡ್ ಇದ್ದರೆ, ಶೌಚಾಲಯದ ಬಳಿ ಮಹಿಳಾ ಸ್ವಯಂಸೇವಕಿ ಸಿಗುವಂತೆ ಹಿಂದಿನ ದಿನವೇ ಏರ್ಪಾಡು ಮಾಡಿಕೊಳ್ಳಿ.

ಪ್ರಶ್ನೆ: ಗೈಡ್‌ಗೇ ಕಾಲು ಹಿಡಿದುಕೊಂಡರೆ? (ಸಕಲೇಶಪುರ)

ಉತ್ತರ: ನೋವು ಶುರುವಾದಾಗಲೇ ಹೇಳಿ. ಮುಚ್ಚಿಟ್ಟು ಕುಂಟಿದರೆ ಕೈಯ ತಾಳ ತಪ್ಪಿ ಅವರಿಗೂ ಗೊತ್ತಾಗುತ್ತದೆ, ಗಾಬರಿ ಬೇರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಟಿ12 ಮ್ಯಾರಥಾನ್‌ನಲ್ಲಿ ಸ್ಪೇನ್‌ನ ಎಲೆನಾ ಕೊಂಗೊಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗುರಿಗೆ ಕೆಲವೇ ಮೀಟರ್ ಇರುವಾಗ ಸೆಳೆತದಿಂದ ಬೀಳುತ್ತಿದ್ದ ಗೈಡ್‌ಗೆ ಆಸರೆ ಕೊಡಲು ಒಂದು ಕ್ಷಣ ಹಗ್ಗ ಬಿಟ್ಟರು. ನಿಯಮದ ಪ್ರಕಾರ ಅಂದು ಅವರನ್ನು ಅನರ್ಹಗೊಳಿಸಿದರು. ಆ ಕ್ಷಣದಲ್ಲಿ ಅವರು ಮಾಡಿದ್ದು ಮನುಷ್ಯರು ಮಾಡುವ ಕೆಲಸವೇ ಅಂತ ನಮ್ಮ ಅಭಿಪ್ರಾಯ. ಪದಕದ ಓಟವಾದರೆ ಮಾತ್ರ ನಿಂತರೂ ಕುಂತರೂ ಹಗ್ಗ ಕೈಯಲ್ಲೇ ಇರಬೇಕು ಅನ್ನುವುದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ. ಊರಿನ ಓಟದಲ್ಲಿ ಪಕ್ಕಕ್ಕೆ ಬಂದು, ಅವರ ಕೈಯನ್ನು ಕಂಬಕ್ಕೋ ಬ್ಯಾರಿಕೇಡ್‌ಗೋ ತಾಗಿಸಿ, ಆಮೇಲೆ ನಿಮ್ಮ ಕಾಲು ನೋಡಿಕೊಳ್ಳಿ. ನಡುರಸ್ತೆಯಲ್ಲಿ ಏನನ್ನೂ ಮುಟ್ಟಿಸದೆ ನಿಲ್ಲಿಸಬೇಡಿ.

ಗುರಿ ಬಂದಾಗ ಗೈಡ್ ಅರ್ಧ ಹೆಜ್ಜೆ ಹಿಂದೆ, ಓಟಗಾರನ ಎದೆ ಮೊದಲು ಗೆರೆ ದಾಟಬೇಕು. ಸಮಯ ಅಳೆಯುವ ಮ್ಯಾಟ್ ನೆಲದಿಂದ ತುಸು ಎತ್ತರ ಇರುತ್ತದೆ, ದಣಿದ ಕಾಲು ಎಡವುವುದು ಅಲ್ಲೇ. ಅದಕ್ಕೂ "ಮೂರು, ಎರಡು, ಒಂದು, ಎತ್ತು" ಹೇಳಿ. ದಾಟಿದ ಮೇಲೆ ಮೈಕು, ತಮಟೆ, ಜನರ ಕೂಗಿನಲ್ಲಿ ನಿಮ್ಮ ದನಿ ಕೇಳಿಸುವುದಿಲ್ಲ. ಮನೆಯವರ ಕೈಗೆ ಅವರ ಕೈ ಸೇರಿಸುವವರೆಗೆ ಹಗ್ಗ ಬಿಡಬೇಡಿ.