ಪೆಡಲ್ ಗಟ್ಟಿಯಾಗಿದ್ದರೆ ಬ್ರೇಕ್ ಬಲವಾಗಿದೆ ಎಂದರ್ಥವೇ?

ಪ್ರಶ್ನೆ: ನಾನು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದೇನೆ. ಗೆಳೆಯರ ದಯೆಯಿಂದ ಪೋರ್ಷೆ 911, ಆಲ್ಫಾ ರೋಮಿಯೋ ಜೂಲಿಯಾ ಕ್ವಾಡ್ರಿಫೋಲಿಯೊ ಮತ್ತು ಮೊದಲ ತಲೆಮಾರಿನ ಲೋಟಸ್ ಎಲೀಸ್ ಕಾರುಗಳನ್ನು ಓಡಿಸುವ ಅವಕಾಶ ಸಿಕ್ಕಿತು. ಮೂರೂ ವೇಗದ ಕಾರುಗಳೇ ಆದರೂ ಬ್ರೇಕ್ ಪೆಡಲ್ ಒಂದರಂತೆ ಇನ್ನೊಂದಿಲ್ಲ. 911ರ ಪೆಡಲ್ ಬಿಗಿಯಾಗಿದೆ, ಸ್ವಲ್ಪವೇ ಇಳಿಯುತ್ತದೆ. ಜೂಲಿಯಾದಲ್ಲಿ ಕಾಲು ತಾಗಿಸಿದರೆ ಸಾಕು. ಎಲೀಸ್‌ನಲ್ಲಿ ಜೋರಾಗಿ ತುಳಿಯಬೇಕು. ಇದೇಕೆ ಹೀಗೆ? ಇವುಗಳಲ್ಲಿ ಯಾವ ಬ್ರೇಕ್ ಉತ್ತಮ?
— ಓದುಗರು, ಸ್ಟುಟ್‌ಗಾರ್ಟ್

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಾಗಿರುವುದು ಅಲ್ಲಿಯೇ. ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಕೊನೆಗೆ ನಿರ್ಧರಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ನೀವು ಹೆಸರಿಸಿದ ಮೂರೂ ಕಾರುಗಳ ಬ್ರೇಕುಗಳಿಗೆ ಆ ಹಿಡಿತದ ಎಲ್ಲೆಯನ್ನು ಮುಟ್ಟುವಷ್ಟು ಶಕ್ತಿಯಿದೆ. ಆದ್ದರಿಂದ ಪೆಡಲ್ ಬಿಗಿಯಾಗಿದೆಯೋ ಹಗುರವಾಗಿದೆಯೋ ಎಂಬುದನ್ನು ನೋಡಿ ಬ್ರೇಕಿನ ಬಲವನ್ನು ಅಳೆಯಲಾಗದು. ಪೆಡಲ್‌ನ ಹದವನ್ನು ತಯಾರಕರೇ ಆರಿಸಿಕೊಳ್ಳುತ್ತಾರೆ, ಮತ್ತು ನಿಯಮಗಳೂ ಅವರಿಗೆ ಧಾರಾಳವಾಗಿ ಜಾಗ ಬಿಟ್ಟಿವೆ. ಯುರೋಪಿನಲ್ಲಿ ಅನ್ವಯವಾಗುವ ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ, ಪರೀಕ್ಷೆಯಲ್ಲಿ ಪೆಡಲ್ ಮೇಲೆ ಹಾಕುವ ಬಲ 65ರಿಂದ 500 ನ್ಯೂಟನ್‌ಗಳ ನಡುವೆ, ಅಂದರೆ ಸುಮಾರು ಆರೂವರೆ ಕಿಲೋ ಭಾರದಿಂದ ಐವತ್ತು ಕಿಲೋ ಭಾರದವರೆಗೆ, ಎಷ್ಟಾದರೂ ಇರಬಹುದು.

ಎಲೀಸ್‌ನ ವಿಷಯ ಸರಳವಾಗಿದೆ. 1996ರಲ್ಲಿ ಬಂದ ಆ ಕಾರಿನ ತೂಕ ಮುಕ್ಕಾಲು ಟನ್ನಿನ ಆಸುಪಾಸಿನಲ್ಲಿದ್ದುದರಿಂದ ಅದಕ್ಕೆ ಬ್ರೇಕ್ ಬೂಸ್ಟರ್ (ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಸಾಧನ) ಬೇಕೆಂದು ಲೋಟಸ್‌ನವರಿಗೆ ಅನಿಸಲಿಲ್ಲ. ಫೆರಾರಿ ಎಫ್40 ಮತ್ತು ಮೆಕ್ಲಾರೆನ್ ಎಫ್1 ಕಾರುಗಳಲ್ಲಿಯೂ ಬೂಸ್ಟರ್ ಇರಲಿಲ್ಲ. ಇಂಥ ಕಾರಿನಲ್ಲಿ ಪೆಡಲ್‌ನ ಸನ್ನೆಕೋಲು, ತುಳಿತವನ್ನು ಆಯಿಲ್ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್, ಬ್ರೇಕ್ ಆಯಿಲ್ ಇಷ್ಟೇ ಕಾಲಿಗೂ ಡಿಸ್ಕಿಗೂ ನಡುವೆ ಇರುವುದರಿಂದ, ಪೈಪಿನೊಳಗಿನ ಒತ್ತಡ ಏರಿದಂತೆ ಅಂಗಾಲಿಗೆ ಅದು ನೇರವಾಗಿ ತಿಳಿಯುತ್ತದೆ.

ಬೂಸ್ಟರ್ ಇರುವ ಕಾರಿನಲ್ಲಿ ಕಾಲಿಗೆ ತಲುಪುವುದು ಆ ಒತ್ತಡದ ಒಂದು ಪಾಲು ಮಾತ್ರ. ಆ ಪಾಲನ್ನು ಗೊತ್ತುಮಾಡುವ ಭಾಗ ಬಹಳ ಚಿಕ್ಕದು: ಬೂಸ್ಟರ್‌ನ ಒಳಗೆ, ಮಾಸ್ಟರ್ ಸಿಲಿಂಡರನ್ನು ನೂಕುವ ಕಡ್ಡಿಯ ಹಿಂದೆ ಕುಳಿತಿರುವ ರಬ್ಬರ್ ಬಿಲ್ಲೆ. ಮಾಸ್ಟರ್ ಸಿಲಿಂಡರ್‌ನಿಂದ ಹಿಮ್ಮುಖವಾಗಿ ಬರುವ ಒತ್ತಡ ಈ ಬಿಲ್ಲೆಯ ಮೇಲೆ ಹರಡಿ, ಅದರ ನಡುಭಾಗ ಪೆಡಲ್‌ನ ಕಡ್ಡಿಯನ್ನೂ ಅಂಚು ಬೂಸ್ಟರ್‌ನ ಪಿಸ್ಟನ್ನನ್ನೂ ಒತ್ತುತ್ತದೆ. ನಡುಭಾಗದ ವಿಸ್ತೀರ್ಣ ಕಡಿಮೆಯಿದ್ದಷ್ಟೂ ಪೆಡಲ್ ಹಗುರ. ಬಿಲ್ಲೆಗೂ ಕಡ್ಡಿಯ ತುದಿಗೂ ನಡುವೆ ಕೂದಲೆಳೆಯಷ್ಟು ಸಂದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಸಂದು ಮುಚ್ಚುವವರೆಗೆ ಕಾಲಿಗೆ ಏನೂ ಪ್ರತಿರೋಧವಿಲ್ಲದೆಯೇ ಬ್ರೇಕ್ ಹಿಡಿದುಬಿಡುತ್ತದೆ. ಶೋರೂಮಿನಿಂದ ಟೆಸ್ಟ್ ಡ್ರೈವ್‌ಗೆ ಹೋದವರು ‘ಬ್ರೇಕ್ ಭಾರಿ ಶಾರ್ಪ್’ ಎಂದು ಮೆಚ್ಚಿಕೊಳ್ಳುವುದು ಹೆಚ್ಚಾಗಿ ಇದನ್ನೇ. ಟ್ರ್ಯಾಕ್ ಮೇಲೆ ಅದೇ ಗುಣ ತೊಡಕಾಗುತ್ತದೆ, ಏಕೆಂದರೆ ತಿರುವಿಗೆ ಇಳಿಯುವಾಗ ಚಾಲಕನಿಗೆ ಬೇಕಿರುವುದು ಒತ್ತಡವನ್ನು ಎಳೆ ಎಳೆಯಾಗಿ ಸಡಿಲಿಸುವ ಅನುಕೂಲ.

ಮಾಸ್ಟರ್ ಸಿಲಿಂಡರ್‌ನ ಗಾತ್ರವೂ ಮುಖ್ಯ. ಅದರ ಒಳವ್ಯಾಸವನ್ನು 25.4 ಮಿಲಿಮೀಟರ್‌ನಿಂದ 22.2ಕ್ಕೆ ಇಳಿಸಿದರೆ, ಅಷ್ಟೇ ಬಲಕ್ಕೆ ಒತ್ತಡ ಸುಮಾರು 31 ಶೇಕಡಾ ಹೆಚ್ಚುತ್ತದೆ. ಆದರೆ ಅಷ್ಟೇ ಆಯಿಲ್ ತಳ್ಳಲು ಪೆಡಲ್ ಕೂಡ ಅದೇ ಪ್ರಮಾಣದಲ್ಲಿ ಹೆಚ್ಚು ಇಳಿಯಬೇಕು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು.

911ರ ಬಿಗಿತಕ್ಕೆ ದೊಡ್ಡ ಕಾರಣ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ. ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಒಂದೇ ಬದಿಯಲ್ಲಿದ್ದು, ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರುತ್ತದೆ. 911ರಲ್ಲಿ ಒಂದೇ ಅಲ್ಯೂಮಿನಿಯಂ ತುಂಡಾಗಿ ರೂಪಿಸಿದ, ಅಲುಗಾಡದ ಕ್ಯಾಲಿಪರ್‌ನ ಎರಡೂ ಬದಿಗಳಿಂದ ಪಿಸ್ಟನ್ನುಗಳು ಡಿಸ್ಕನ್ನು ಹಿಡಿಯುತ್ತವೆ. ಒತ್ತಿದಾಗ ಕ್ಯಾಲಿಪರ್ ಬಾಯಿ ಬಿಡುವುದು, ರಬ್ಬರ್ ಹೋಸ್ ಉಬ್ಬುವುದು, ಪ್ಯಾಡ್ ಕುಗ್ಗುವುದು, ಈ ಪ್ರತಿಯೊಂದೂ ಪೆಡಲ್‌ನ ಇಳಿತದಲ್ಲಿ ಸೇರಿಕೊಳ್ಳುತ್ತದೆ. ಅವನ್ನು ತಡೆದಷ್ಟೂ ಪೆಡಲ್ ಬಿಗಿಯಾಗುತ್ತದೆ. ಹಾಗೆಂದು ಈ ಬಗೆಯ ಕ್ಯಾಲಿಪರ್‌ನಲ್ಲಿ ಲೋಪವಿಲ್ಲವೆಂದಲ್ಲ. ಟ್ರ್ಯಾಕ್‌ನ ಅಂಚುಗಲ್ಲಿಗೆ ಚಕ್ರ ಬಡಿದಾಗ ಅದನ್ನು ಹೊತ್ತಿರುವ ಹಬ್ ತುಸು ಬಾಗಿ, ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಬಹುದು. ಆಗ ಮುಂದಿನ ಸಲ ತುಳಿದಾಗ ಪೆಡಲ್ ದಿಗಿಲಾಗುವಷ್ಟು ಕೆಳಗೆ ಹೋಗುತ್ತದೆ. ರೇಸ್ ಚಾಲಕರು ನೇರ ಹಾದಿಯಲ್ಲಿ ಹೋಗುವಾಗಲೇ ಎಡಗಾಲಿನಿಂದ ಪೆಡಲನ್ನು ಮೆಲ್ಲಗೆ ತಟ್ಟಿ ನೋಡಿಕೊಳ್ಳುವುದು ಇದಕ್ಕಾಗಿಯೇ.

ಜೂಲಿಯಾದ ಕಥೆಯೇ ಬೇರೆ. ಅದರಲ್ಲಿ ಕಾಂಟಿನೆಂಟಲ್ ಕಂಪನಿಯ ಎಂಕೆ ಸಿ1 ಎಂಬ ವಿದ್ಯುತ್ ಚಾಲಿತ ಘಟಕವಿದೆ. ಕಾಲು ತುಳಿಯುವುದು ಒಂದು ಕೃತಕ ಪ್ರತಿರೋಧವನ್ನು. ಸೆನ್ಸಾರ್ ಆ ತುಳಿತವನ್ನು ಓದುತ್ತದೆ, ಮೋಟಾರು ಬ್ರೇಕ್ ಒತ್ತಡವನ್ನು ಹುಟ್ಟಿಸುತ್ತದೆ. ಘಟಕ ಕೈಕೊಟ್ಟರೆ ಮಾತ್ರ ಕಾಲಿನ ಬಲ ಆಯಿಲ್ ಮೂಲಕ ನೇರವಾಗಿ ಚಕ್ರಕ್ಕೆ ಹೋಗುವ ದಾರಿ ತೆರೆದುಕೊಳ್ಳುತ್ತದೆ. ಹೀಗಾಗಿ ನಿಮಗೆ ಅನುಭವವಾದ ಹಗುರತನ ಸಾಫ್ಟ್‌ವೇರ್ ಬರೆದವರ ತೀರ್ಮಾನ. ಬಿಎಂಡಬ್ಲ್ಯು ಎಂ8 ಕಾರಿನಲ್ಲಿ ಪೆಡಲ್‌ನ ಹದಕ್ಕೆ ಎರಡು ಆಯ್ಕೆಗಳನ್ನೇ ಕೊಟ್ಟಿದ್ದಾರೆ. ನನಗೆ ಈ ಆಯ್ಕೆಗಳಲ್ಲಿ ಅಷ್ಟು ಒಲವಿಲ್ಲ. ಕಾಲು ಒಂದು ಹದಕ್ಕೆ ಒಗ್ಗಿಕೊಂಡ ಮೇಲೆ ಅದನ್ನು ಗುಂಡಿಯೊತ್ತಿ ಬದಲಾಯಿಸುವುದರಿಂದ ಲಾಭಕ್ಕಿಂತ ಗೊಂದಲವೇ ಹೆಚ್ಚು. ಆದರೆ ಪೋರ್ಷೆ ಟೈಕಾನ್‌ನಂಥ ವಿದ್ಯುತ್ ಕಾರುಗಳಿಗೆ ಸಾಫ್ಟ್‌ವೇರ್ ಅನಿವಾರ್ಯ: ದಿನನಿತ್ಯದ ಬ್ರೇಕಿಂಗಿನ ಬಹುಪಾಲನ್ನು ಮೋಟಾರುಗಳೇ ನಿರ್ವಹಿಸಿ, ಉಳಿದದ್ದನ್ನು ಡಿಸ್ಕಿಗೆ ಒಪ್ಪಿಸುವಾಗ, ಆ ಬದಲಾವಣೆ ಕಾಲಿಗೆ ತಿಳಿಯದಂತೆ ಮಾಡಬೇಕಲ್ಲ.

ಹಾಗಾದರೆ ಯಾವುದು ಉತ್ತಮ? ಹತ್ತನೆಯ ಸಲ ತುಳಿದಾಗಲೂ ಮೊದಲ ಸಲದಷ್ಟೇ ಇಳಿದು, ಅಷ್ಟೇ ಹಿಡಿಯುವ ಪೆಡಲ್ ಉತ್ತಮವೆಂಬುದು ನನ್ನ ಅಭಿಪ್ರಾಯ. ಈ ಲೆಕ್ಕದಲ್ಲಿ ನಾನು 911ಕ್ಕೆ ಅಂಕ ಕೊಡುತ್ತೇನೆ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗ ನಮ್ಮ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಪ್ಯಾಡ್ ಸವೆದಿರಬಹುದೇ?
— ಓದುಗರು, ಬೆಳ್ತಂಗಡಿ

ಉತ್ತರ: ಪ್ಯಾಡಿನ ದೋಷವಾಗಿದ್ದರೆ ಲಕ್ಷಣ ಬೇರೆ ಇರುತ್ತಿತ್ತು. ಪ್ಯಾಡ್ ವಿಪರೀತ ಕಾದಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಧಾನಿಸುವುದಿಲ್ಲ. ನಿಮ್ಮಲ್ಲಿ ಪೆಡಲ್ ಕೆಳಗೆ ಹೋಗಿರುವುದರಿಂದ ಬ್ರೇಕ್ ಆಯಿಲ್ ಕುದಿದಿರುವ ಸಾಧ್ಯತೆಯೇ ಹೆಚ್ಚು. ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್‌ನ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹಿಡಿದ ಮೇಲೆ ಅದಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ. ಕುದಿದಾಗ ಹುಟ್ಟುವ ಆವಿಯ ಗುಳ್ಳೆಗಳು ಸುಲಭವಾಗಿ ಕುಗ್ಗುವುದರಿಂದ ನೀವು ತುಳಿದ ಬಲ ಚಕ್ರಕ್ಕೆ ತಲುಪುವುದಿಲ್ಲ. ಮತ್ತೆ ಹಾಗಾದರೆ ಪೆಡಲನ್ನು ಬೇಗ ಬೇಗ ತುಳಿದು ಬಿಡಿ, ಕೆಳಗಿನ ಗೇರಿಗೆ ಬನ್ನಿ, ಸುರಕ್ಷಿತ ಜಾಗ ಸಿಕ್ಕೊಡನೆ ನಿಲ್ಲಿಸಿ. ತಣ್ಣಗಾದ ಮೇಲೆ ಗುಳ್ಳೆಗಳು ಕರಗಿ ಪೆಡಲ್ ಎಂದಿನಂತೆ ಕಂಡರೂ ಒಳಗಿರುವುದು ಅದೇ ತೇವ ಹಿಡಿದ ಆಯಿಲ್. ಮುಂದಿನ ಸಲ ಘಾಟಿಗೆ ಹೋಗುವ ಮುನ್ನ ಅದನ್ನು ಪೂರ್ತಿ ಬದಲಾಯಿಸಿ, ಬ್ಲೀಡ್ ಮಾಡಿಸಿಕೊಳ್ಳಿ (ಪೈಪಿನೊಳಗಿನ ಗಾಳಿ ತೆಗೆಸಿಕೊಳ್ಳಿ).